ತಾಯಿಗೂ ಒಂದು ಗಂಟೆ ಬೇಡವೇ?

“ಫಾದರ್, ಸಂಜೆ ಒಂದು ಗಂಟೆ ಮನೆ ಬಿಟ್ಟು ಕರಾಟೆ ತರಗತಿಗೆ ಹೋಗುವುದು ಸ್ವಾರ್ಥವೇ?” ಗೋಣಿಕೊಪ್ಪಲಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು. ಮಕ್ಕಳು, ಅಡುಗೆ, ಹಾಸಿಗೆ ಹಿಡಿದ ಅತ್ತೆ, ಕಾಫಿ ಕೊಯ್ಲಿನ ಆಳುಗಳಿಗೆ ಊಟ: ಬೆಳಿಗ್ಗೆ 5ಕ್ಕೆ ಶುರುವಾಗಿ ರಾತ್ರಿ 10ಕ್ಕೂ ಮುಗಿಯದ ದಿನ ಅವರದು. ಒದ್ದು, ಗುದ್ದಿ, ಗಟ್ಟಿಯಾಗಿ ಕೂಗಿ ಬಂದ ದಿನ ಎದೆ ಹಗುರವಾಗಿ, ಮಕ್ಕಳ ಮೇಲೆ ರೇಗುವುದಿಲ್ಲವಂತೆ. ಆದರೂ ಮನಸ್ಸು ಚುಚ್ಚುತ್ತದೆ.

ಶರೀರ ದಣಿಯುವಂತೆ ಆತ್ಮವೂ ದಣಿಯುತ್ತದೆ, ಅದಕ್ಕೆ ಆಟವಿನೋದವೇ ವಿಶ್ರಾಂತಿ ಎಂದು 13ನೇ ಶತಮಾನದಲ್ಲೇ ವಾದಿಸಿದವರು ಸಂತ ಥಾಮಸ್ ಅಕ್ವಿನಾಸರು. ಅವರು ನೆನೆಯುವ ಹಳೆಯ ಕಥೆಯೊಂದರಲ್ಲಿ, ಎಡೆಬಿಡದೆ ಬಾಣ ಬಿಡಬಲ್ಲೆಯಾ ಎಂದು ಸಂತ ಯೊವಾನ್ನರು ಬಿಲ್ಲುಗಾರನನ್ನು ಕೇಳುತ್ತಾರೆ. ಬಿಲ್ಲೇ ಮುರಿದೀತು ಎನ್ನುತ್ತಾನೆ ಆತ. ದುಃಖಕ್ಕೆ ನಿದ್ದೆ, ಸ್ನಾನಗಳೂ ಮದ್ದೆಂದು ಬರೆದವರೂ ಇದೇ ಅಕ್ವಿನಾಸರು. (ಗುರುಮಠದಲ್ಲಿ ಆ ಪುಟ ಬಂದಾಗ ನಾವೆಲ್ಲ ನಕ್ಕಿದ್ದೆವು.)

ಹೆಂಗಸರಿಗೆ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟವಿಳಿದು, ತಲಶ್ಶೇರಿ ದಾಟಿದರೆ ವಡಗರ. ಅಲ್ಲಿನ ಮೀನಾಕ್ಷಿ ಅಮ್ಮ 7ನೇ ವಯಸ್ಸಿಗೇ ಕಳರಿಪಯಟ್ಟು ಹಿಡಿದವರು; ಮದುವೆ, ಮಕ್ಕಳಾದ ಮೇಲೂ ಬಿಡಲಿಲ್ಲ. ಪತಿ ತೀರಿಕೊಂಡ ಮೇಲೆ ಅವರ ಕಳರಿಯ ಹೊಣೆ ಹೊತ್ತರು. 2017ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 70 ದಾಟಿತ್ತು.

ಧೈರ್ಯವಾಗಿ ಹೋಗಿ ಬನ್ನಿ ಎಂದೆ. ಆ ಒಂದು ಗಂಟೆ ಅಜ್ಜಿಯ ಬಳಿ ಕೂರುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಅವರ ಯಜಮಾನರಿಗೆ ಕೇಳಿದೆ. ಅವರು ಪಕ್ಕದಲ್ಲೇ ನಿಂತು ಜೀಪಿನ ಕೀಲಿ ತಿರುಗಿಸುತ್ತಿದ್ದರು.