ಯಕೃತ್ತಿನ ರೋಗ ಮತ್ತು ಮೂತ್ರಪಿಂಡಗಳ ವೈಫಲ್ಯ

ದೀರ್ಘಕಾಲದ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕು, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವುದು ಇವೇ ಮೊದಲಾದ ಕಾರಣಗಳಿಂದ ಯಕೃತ್ತು ಕ್ರಮೇಣ ಗಡುಸಾಗಿ ಗಂಟುಗಟ್ಟುತ್ತದೆ. ಈ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ರೋಗ ಮುಂದುವರಿದಂತೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಜಲೋದರ ಉಂಟಾಗುತ್ತದೆ. ಇಂತಹ ರೋಗಿಗೆ ಮೂತ್ರ ಹೋಗುವುದು ಒಮ್ಮೆಲೇ ಕಡಿಮೆಯಾದರೆ, ನೀರು ಸಾಲದೆ ಹಾಗಾಗಿರಬೇಕೆಂದು ಮನೆಯವರು ಸುಮ್ಮನಿರುವುದುಂಟು. ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿರುವುದರ ಸೂಚನೆ ಅದಾಗಿರಬಹುದು.

ವಿಚಿತ್ರವೆಂದರೆ, ಈ ವೈಫಲ್ಯದಲ್ಲಿ ಮೂತ್ರಪಿಂಡಗಳ ರಚನೆ ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಹೀಗೆ ಮರಣಹೊಂದಿದ ರೋಗಿಗಳ ಮೂತ್ರಪಿಂಡಗಳನ್ನು ಬೇರೆಯವರಿಗೆ ಕಸಿ ಮಾಡಿದಾಗ ಅವು ಮತ್ತೆ ಕೆಲಸಮಾಡಿದುವೆಂದು ಅಮೆರಿಕದ ವೈದ್ಯರು 1969ರಲ್ಲಿ ವರದಿ ಮಾಡಿದರು. ಹಾಗಾದರೆ ದೋಷವೆಲ್ಲಿ? ಯಕೃತ್ತು ಗಡುಸಾದಾಗ ಕರುಳಿನ ಭಾಗದ ರಕ್ತನಾಳಗಳು ಹಿಗ್ಗಿ, ರಕ್ತವು ಅಲ್ಲಿಯೇ ಹೆಚ್ಚಾಗಿ ಉಳಿಯುತ್ತದೆ. ಉಳಿದ ದೇಹಕ್ಕೆ ರಕ್ತ ಸಾಲದೆಂದು ಭಾವಿಸಿದ ಶರೀರವು ಒತ್ತಡ ಕಾಪಾಡಲು ನಾಳಗಳನ್ನು ಬಿಗಿಗೊಳಿಸುವ ರಾಸಾಯನಿಕಗಳನ್ನು ಸ್ರವಿಸುತ್ತದೆ. ಅವುಗಳಿಂದ ಮೂತ್ರಪಿಂಡದ ನಾಳಗಳೂ ಬಿಗಿಯುತ್ತವೆ. ಕಾಲುವೆಯ ತಲೆಯಲ್ಲಿ ನೀರು ನಿಂತು ಕಡೆಯ ಗದ್ದೆ ಒಣಗುವಂತೆ, ಆರೋಗ್ಯವಾಗಿಯೇ ಇದ್ದ ಅಂಗವು ರಕ್ತವಿಲ್ಲದೆ ಸೊರಗುತ್ತದೆ.

ಈ ಆಪತ್ತು ಅನೇಕವೇಳೆ ಒಂದು ನೆಪದಿಂದ ಬರುತ್ತದೆ. ಹೊಟ್ಟೆಯ ನೀರಿಗೆ ಸೋಂಕು ತಗಲುವುದು ಅವುಗಳಲ್ಲಿ ಮುಖ್ಯವಾದುದು. ಜ್ವರ, ಹೊಟ್ಟೆನೋವು, ಮಂಕು ಕವಿದಂತಾಗುವುದು ಅದರ ಲಕ್ಷಣಗಳು. ಜ್ವರವಿಲ್ಲದೆಯೂ ಈ ಸೋಂಕು ಇರಬಲ್ಲುದು. ರಕ್ತವಾಂತಿ, ಅತಿಭೇದಿ, ಮೂತ್ರ ಹೆಚ್ಚಿಸುವ ಮಾತ್ರೆಗಳ ಮಿತಿಮೀರಿದ ಸೇವನೆ ಇವೂ ಕಾರಣಗಳಾಗುತ್ತವೆ. ಹೊಟ್ಟೆಯಿಂದ 5 ಲೀಟರಿಗಿಂತ ಹೆಚ್ಚು ನೀರು ತೆಗೆಯುವಾಗ, ತೆಗೆದ ಪ್ರತಿ ಲೀಟರಿಗೆ ಸುಮಾರು 8 ಗ್ರಾಂ ಅಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತನಾಳದ ಮೂಲಕ ಕೊಡುವುದು ಇದೇ ಕಾರಣಕ್ಕಾಗಿ.

ನೋವಿನ ಮಾತ್ರೆಗಳ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಔಷಧಗಳು ಮೂತ್ರಪಿಂಡದ ನಾಳಗಳನ್ನು ತೆರೆದಿಡುವ ವಸ್ತುವಿನ ಉತ್ಪತ್ತಿಯನ್ನೇ ತಡೆಯುತ್ತವೆ. ಬೇರೆಯವರಿಗೆ ಸಾಮಾನ್ಯವಾಗಿ ಕಾಣುವ ಈ ಮಾತ್ರೆ ಜಲೋದರದ ರೋಗಿಗೆ ಮಾರಕವಾಗಬಹುದು. ವೈದ್ಯರನ್ನು ಕೇಳದೆ ಯಾವ ನೋವಿನ ಔಷಧವನ್ನೂ, ಹೆಸರು ತಿಳಿಯದ ಪುಡಿ ಕಷಾಯಗಳನ್ನೂ ಕೊಡಲಾಗದು.

ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣದಿಂದ ವೈದ್ಯರು ಈ ವೈಫಲ್ಯವನ್ನು ಗುರುತಿಸುತ್ತಾರೆ. ಮಾಂಸಖಂಡಗಳು ಕರಗಿದ ರೋಗಿಯಲ್ಲಿ ಇದರ ಅಂಕಿ ಸಹಜವಾಗಿಯೇ ಕಡಿಮೆಯಿರುವುದರಿಂದ, ಅಲ್ಪ ಏರಿಕೆಯನ್ನೂ ಉಪೇಕ್ಷಿಸುವಂತಿಲ್ಲ. ಹಳೆಯ ಪರೀಕ್ಷಾ ವರದಿಗಳನ್ನು ಜೋಪಾನವಾಗಿಟ್ಟು ಆಸ್ಪತ್ರೆಗೆ ಒಯ್ದರೆ ಹೋಲಿಕೆ ಸುಲಭ. ದಿನದ ಮೂತ್ರದ ಅಳತೆಯನ್ನೂ ತೂಕವನ್ನೂ ಬರೆದಿಡುವುದು ಉಪಯುಕ್ತ.

ಚಿಕಿತ್ಸೆಯಲ್ಲಿ ಮೊದಲು ಮೂತ್ರ ಹೆಚ್ಚಿಸುವ ಔಷಧಗಳನ್ನು ನಿಲ್ಲಿಸಿ, ಸೋಂಕಿದ್ದರೆ ಅದಕ್ಕೆ ಔಷಧ ಕೊಡುತ್ತಾರೆ. ಅಲ್ಬುಮಿನ್ ಜೊತೆಗೆ ಟರ್ಲಿಪ್ರೆಸಿನ್ ಅಥವಾ ನಾರ್‌ಅಡ್ರಿನಲಿನ್ ನೀಡಿ, ಹಿಗ್ಗಿದ ನಾಳಗಳನ್ನು ಬಿಗಿಗೊಳಿಸಿ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ಮಾಡುತ್ತಾರೆ. ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ತೀವ್ರ ಸ್ವರೂಪದ ವೈಫಲ್ಯಕ್ಕೆ ಚಿಕಿತ್ಸೆ ದೊರೆಯದಿದ್ದರೆ ಬಹುತೇಕ ರೋಗಿಗಳು ಕೆಲವೇ ವಾರಗಳಲ್ಲಿ ಅಸುನೀಗುತ್ತಾರೆ. ಡಯಾಲಿಸಿಸ್ ಸಮಯ ಒದಗಿಸಬಲ್ಲುದೇ ಹೊರತು ಮೂಲರೋಗವನ್ನು ನೀಗಿಸದು. ಯಕೃತ್ತಿನ ಕಸಿಯೊಂದೇ ಅದನ್ನು ನೀಗಿಸುವ ಮಾರ್ಗ. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಹತ್ತಿರದ ಸಂಬಂಧಿಕರು ತಮ್ಮ ಯಕೃತ್ತಿನ ಒಂದು ಭಾಗವನ್ನು ದಾನಮಾಡಬಹುದು. ಹೊಸ ಯಕೃತ್ತು ಕೆಲಸ ಆರಂಭಿಸಿದ ಬಳಿಕ ಅನೇಕರಲ್ಲಿ ಹಳೆಯ ಮೂತ್ರಪಿಂಡಗಳೇ ಚೇತರಿಸಿಕೊಳ್ಳುತ್ತವೆ.