ಎರಡು ಮುಟ್ಟಿನ ನಡುವಿನ ಸುಸ್ತು

ಮುಟ್ಟಿನ ದಿನಗಳ ಸುಸ್ತನ್ನು ಮನೆಯವರೆಲ್ಲ ಒಪ್ಪುತ್ತಾರೆ. ಎರಡು ಮುಟ್ಟಿನ ನಡುವೆ ಬರುವ ಸುಸ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗದು ವರ್ಷಗಳಿಂದ ಬರುತ್ತಿದೆ. ಹಾಸಿಗೆಯಿಂದ ಏಳುವಾಗಲೇ ಕೈಕಾಲು ಸೋತಿರುತ್ತವೆ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಚಳುಕು, ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಪಾಠ ಮಾಡುವುದೇ ಕಷ್ಟ. ಅತ್ತೆ "ಉಷ್ಣ ಆಗಿದೆ ಕಣಮ್ಮ" ಎಂದು ಮಜ್ಜಿಗೆ ಕೊಡುತ್ತಿದ್ದರು. ಒಂದೆರಡು ದಿನಕ್ಕೆ ತಾನಾಗಿಯೇ ಹೋಗುತ್ತಿತ್ತು.

ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದ ಮೇಲೆ, ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಇದು ಬರುತ್ತದೆಂದು ಗೊತ್ತಾಯಿತು. ಅಂಡಾಶಯದಿಂದ ಅಂಡ ಬಿಡುಗಡೆಯಾಗುವ ಸಮಯವದು. ಮುಟ್ಟಾದ 14ನೇ ದಿನ ಎಂಬ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಸರಿ. 35 ದಿನಕ್ಕೊಮ್ಮೆ ಆಗುವವರಿಗೆ 21ನೇ ದಿನದ ಆಸುಪಾಸು. ಏರಿದ್ದ ಈಸ್ಟ್ರೋಜೆನ್ ಆಗ ತಟ್ಟನೆ ಇಳಿಯುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಅದು ಸ್ವಲ್ಪ ಮಂಪರು ತರುವ ಹಾರ್ಮೋನು, ಮೈ ಬಿಸಿಯನ್ನೂ ಅರ್ಧ ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತದೆ. ಎಲ್ಲರಿಗೂ ಇದು ತಿಳಿಯುವಷ್ಟು ಆಗುವುದಿಲ್ಲ.

ಆದರೆ ಒಂದು ವರ್ಷ ಸುಸ್ತು ಹೋಗಲೇ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಎರಡು ದಿನಕ್ಕೆ ಹೋಗದ ಸುಸ್ತಿಗೆ ಅಂಡೋತ್ಪತ್ತಿಯನ್ನೇ ಕಾರಣ ಅನ್ನೋಕಾಗಲ್ಲ, ರಕ್ತ ನೋಡೋಣ" ಎಂದರು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ನನಗೆ 10 ಕೂಡ ಇರಲಿಲ್ಲ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ತಳ ಹಿಡಿದಿತ್ತು, ಥೈರಾಯ್ಡ್ ಸರಿಯಿತ್ತು. ತಿಂಗಳ ನಡುವಿನ ಆ ಸಣ್ಣ ಏರಿಳಿತವನ್ನೂ ತಡೆಯಲಾರದಷ್ಟು ಕಬ್ಬಿಣ ಕಡಿಮೆಯಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಸ್ಟಾಫ್‌ರೂಮಿನಲ್ಲಿ ಜೊತೆಗೆ ಕೂರುವ ಗೆಳತಿಯರ ಮುಖ ನೋಡಿದಾಗಲೆಲ್ಲ ಆ ಅಂಕಿ ನೆನಪಾಗುತ್ತದೆ.

ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡೆ. ಅದರ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಇಲ್ಲ. ಮಲ ಕಪ್ಪಾದರೆ ಹೆದರಬೇಕಿಲ್ಲ, ಮಾತ್ರೆಯಿಂದ ಹಾಗಾಗುತ್ತದೆ. ಹಿಮೋಗ್ಲೋಬಿನ್ ಏರಿದ ಕೂಡಲೇ ನಿಲ್ಲಿಸದೆ, ಡಾಕ್ಟರಮ್ಮ ಹೇಳಿದಂತೆ ಇನ್ನೂ ಮೂರು ತಿಂಗಳು ನುಂಗಿದೆ. ತಿಂಗಳ ನಡುವೆ ಈಗಲೂ ಒಂದು ದಿನ ಮೈ ಭಾರವಾಗುತ್ತದೆ. ಅವತ್ತು ಬೇಗ ಮಲಗುತ್ತೇನೆ, ಬಟ್ಟೆ ಒಗೆಯುವುದನ್ನು ಮರುದಿನಕ್ಕೆ ಬಿಡುತ್ತೇನೆ.

ನಿಮ್ಮ ಸುಸ್ತು ಎರಡು ದಿನ ದಾಟಿದರೆ, ನೋವು ತಡೆಯಲಾಗದಿದ್ದರೆ, ಜ್ವರವೋ ತಲೆಸುತ್ತೋ ಬಂದರೆ, ಡಾಕ್ಟರ ಹತ್ತಿರ ಹೋಗಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಉಚಿತ. ಹೋಗುವಾಗ ಹೈಸ್ಕೂಲಿಗೆ ಹೋಗುವ ಮಗಳನ್ನೂ ಕರೆದುಕೊಂಡು ಹೋಗಿ.