ಪರ್ವಕಾಲದ ಗೃಹಿಣಿ: ಪ್ರೋಷಧವೂ ಪ್ರಯಾಣವೂ

ಅಷ್ಟಮಿ, ಚತುರ್ದಶಿಗಳು ಶ್ರಾವಕರ ಪರ್ವದಿನಗಳೆಂಬುದು ಜೈನ ಮನೆಯ ಮಕ್ಕಳಿಗೂ ತಿಳಿದ ವಿಷಯ. ಆ ದಿನಗಳ ಉಪವಾಸವನ್ನು ತಪ್ಪದೆ ನಡೆಸಿಕೊಂಡು ಬರುವುದರಲ್ಲಿ ನಮ್ಮ ಮನೆಗಳ ತಾಯಂದಿರು ಹಿಂದೆ ಬಿದ್ದವರಲ್ಲ. ಆದರೆ ಉಪವಾಸವಿರುವ ತಾಯಿಯೇ ಅಂದು ಮನೆಮಂದಿಗೆಲ್ಲ ಅಡುಗೆ ಮಾಡುತ್ತಾಳೆ. ಬಂದ ನೆಂಟರನ್ನು ಉಪಚರಿಸುತ್ತಾಳೆ. ಊರಿಂದ ಊರಿಗೆ ಓಡಾಡುತ್ತಾಳೆ. ಹೀಗಿರುವಾಗ ಆಕೆ ಆಚರಿಸಿದ್ದು ಪ್ರೋಷಧೋಪವಾಸವೋ, ಬರಿಯ ಲಂಘನವೋ? ಲಂಘನವೇ ಆಗಿದ್ದರೆ ಅದರ ಹೊಣೆ ಆಕೆಯೊಬ್ಬಳದೋ, ಮನೆಯವರೆಲ್ಲರದೋ? ಈ ಪಾಠದಲ್ಲಿ ವಿಚಾರಿಸತಕ್ಕ ವಿಷಯ ಇದು.

ವ್ರತದ ಲಕ್ಷಣ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥರಿಗೆ 5 ಅಣುವ್ರತ, 3 ಗುಣವ್ರತ, 4 ಶಿಕ್ಷಾವ್ರತಗಳನ್ನು ವಿಧಿಸುತ್ತದೆ. ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯ ಇವು ನಾಲ್ಕು ಶಿಕ್ಷಾವ್ರತಗಳು. ಇವುಗಳಲ್ಲಿ ಮೂರನೆಯದಾದ ಪ್ರೋಷಧೋಪವಾಸದಲ್ಲಿ ಎರಡು ಪದಗಳು ಸೇರಿವೆ. ಚತುರ್ವಿಧ ಆಹಾರವನ್ನು ತ್ಯಜಿಸುವುದು ಉಪವಾಸ. ದಿನಕ್ಕೆ ಒಂದೇ ಸಲ ಉಣ್ಣುವುದು ಪ್ರೋಷಧ. ಸಪ್ತಮಿಯಂದು ಏಕಭುಕ್ತ, ಅಷ್ಟಮಿಯಂದು ಉಪವಾಸ, ನವಮಿಯಂದು ಮತ್ತೆ ಏಕಭುಕ್ತ: ಹೀಗೆ 16 ಪ್ರಹರಗಳ, ಎಂದರೆ 48 ಗಂಟೆಗಳ ನಿಯಮವು ಉತ್ತಮ. 12 ಪ್ರಹರಗಳದು ಮಧ್ಯಮ, 8 ಪ್ರಹರಗಳದು ಜಘನ್ಯ.

ಆಹಾರವನ್ನು ಬಿಟ್ಟ ಮಾತ್ರಕ್ಕೆ ವ್ರತವು ಪೂರ್ಣವಾಗುವುದಿಲ್ಲ. ಉಪವಾಸದ ದಿನ ಪಂಚಪಾಪಗಳನ್ನೂ ಅಲಂಕಾರವನ್ನೂ ಆರಂಭವನ್ನೂ ಬಿಡಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಆರಂಭವೆಂದರೆ ಜೀವಹಿಂಸೆಗೆ ಎಡೆಗೊಡುವ ಗೃಹಕೃತ್ಯ ಮತ್ತು ವ್ಯಾಪಾರಾದಿಗಳು. ಕುಟ್ಟುವುದು, ಬೀಸುವುದು, ಒಲೆ ಉರಿಸುವುದು, ನೀರು ತುಂಬುವುದು, ಕಸ ಗುಡಿಸುವುದು ಎಂಬ ಐದು ಕೆಲಸಗಳನ್ನು ಪಂಚಸೂನಗಳೆಂದು ಕರೆಯುವರು. ಇವು ಐದೂ ನಮ್ಮ ಮನೆಗಳಲ್ಲಿ ಯಾರ ಪಾಲಿಗೆ ಬಂದಿವೆ ಎಂಬುದನ್ನು ಹೇಳಬೇಕಾಗಿಲ್ಲ. ಆರಂಭವನ್ನು ಬಿಟ್ಟ ಹೊತ್ತಿನಲ್ಲಿ ಆಲಸ್ಯಕ್ಕೆ ಎಡೆಗೊಡದೆ ಧರ್ಮಶ್ರವಣ, ಸ್ವಾಧ್ಯಾಯ, ಧ್ಯಾನಗಳಲ್ಲಿ ತೊಡಗಬೇಕು. ಹೊಟ್ಟೆಗೆ ಕೊಟ್ಟ ಬಿಡುವು ಆತ್ಮಚಿಂತನೆಗೆ ಒದಗಬೇಕೆಂಬುದೇ ಇದರ ಅಭಿಪ್ರಾಯ.

ಒಂದು ಮನೆಯ ಉದಾಹರಣೆ

ವಿಷಯವು ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಆ ಮನೆ ಇದೆ. ತಾಯಿ ಶಾಲೆಯಲ್ಲಿ ಉಪಾಧ್ಯಾಯಿನಿ. ಪತಿಗೆ ಅಂಗಡಿ. ಹಿರಿಯ ಮಗ ಓದುವುದು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ. ಕಿರಿಯ ಮಗಳು ಊರ ಶಾಲೆಯಲ್ಲಿ. ಆಕೆಯ ತವರು ಚಿಂತಾಮಣಿ. ನಾದಿನಿಯನ್ನು ಕೊಟ್ಟಿರುವುದು ಗೌರಿಬಿದನೂರಿಗೆ. ಮನೆಯಲ್ಲಿ ವಯಸ್ಸಾದ ಅತ್ತೆಯವರಿದ್ದಾರೆ.

ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಮೊದಲಾಗುತ್ತದೆ. ಆಗ ಶಾಲೆಗೆ ರಜೆಯಿರುವುದಿಲ್ಲ. ಬೆಳಗಿನ ಪೂಜೆ, ಬುತ್ತಿ, ಪಾಠ, ಸಂಜೆಯ ಆರತಿ, ಸೂರ್ಯಾಸ್ತಕ್ಕೆ ಮುಂಚೆ ಎಲ್ಲರ ಊಟ ಇವೆಲ್ಲವೂ ಆಕೆಯ ಕೈಯಿಂದಲೇ ಆಗಬೇಕು. ತಿಥಿಗಳಲ್ಲಿ ವೃದ್ಧಿಕ್ಷಯಗಳಿಲ್ಲದಿದ್ದರೆ ನಾಲ್ಕನೆಯ ದಿನ, ಶೌಚಧರ್ಮದ ದಿನವೇ, ಅಷ್ಟಮಿ. ಹತ್ತನೆಯ ದಿನ, ಉತ್ತಮ ಬ್ರಹ್ಮಚರ್ಯದ ದಿನ, ಅನಂತ ಚತುರ್ದಶಿ; ಅಂದು ಅನಂತನ ನೋಂಪಿಯೂ ಇದೆ. ಈ ಎರಡು ದಿನಗಳಲ್ಲಿ ಆಕೆ ನಿರಾಹಾರಿಯಾಗಿದ್ದುಕೊಂಡೇ ಮೂರು ಹೊತ್ತು ಒಲೆಯ ಮುಂದೆ ನಿಲ್ಲುತ್ತಾಳೆ. ಸಾಯಂಕಾಲ ಜಪಮಾಲೆಯನ್ನು ಹಿಡಿದರೆ ಕಣ್ಣು ಎಳೆಯುತ್ತದೆ.

ಅತಿಚಾರವೂ ಅದರ ಪಾಲುಗಾರರೂ

ಪ್ರೋಷಧೋಪವಾಸಕ್ಕೆ ಅತಿಚಾರಗಳು ಐದು. ನೋಡದೆ, ಶುದ್ಧಿಮಾಡದೆ ವಸ್ತುಗಳನ್ನು ತೆಗೆದುಕೊಳ್ಳುವುದು, ಹಾಗೆಯೇ ಇಡುವುದು, ಹಾಗೆಯೇ ಹಾಸಿಗೆಯನ್ನು ಹಾಸುವುದು ಇವು ಮೊದಲಿನ ಮೂರು. ಅನಾದರ, ಅಸ್ಮರಣ ಎಂಬುವು ಉಳಿದ ಎರಡು. ಅನಾದರವೆಂದರೆ ವ್ರತದಲ್ಲಿ ಉತ್ಸಾಹವಿಲ್ಲದಿರುವುದು. ಅಸ್ಮರಣವೆಂದರೆ ಮಾಡತಕ್ಕದ್ದನ್ನು ಮರೆಯುವುದು. ಗಡಿಬಿಡಿಯಲ್ಲಿರುವ ಕೈ ಪಾತ್ರೆಯನ್ನು ನೋಡಿ ತೆಗೆಯುವುದಿಲ್ಲ. ಸೌದೆಯಾಗಲಿ ಗ್ಯಾಸ್ ಒಲೆಯಾಗಲಿ, ಇರುವೆ ಇದೆಯೋ ಇಲ್ಲವೋ ನೋಡಿ ಹೊತ್ತಿಸುವುದಿಲ್ಲ. ದಣಿದ ದೇಹದಲ್ಲಿ ಆದರವು ಉಳಿಯುವುದಿಲ್ಲ; ನೂರು ಚಿಂತೆಗಳ ನಡುವೆ ಸ್ಮರಣೆಯೂ ನಿಲ್ಲುವುದಿಲ್ಲ. ಹೀಗೆ ಐದು ಅತಿಚಾರಗಳಿಗೂ ಅತಿಯಾದ ಕೆಲಸವೇ ಬಾಗಿಲಾಗುತ್ತದೆ.

ಇಲ್ಲಿ ಮನೆಯವರು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕರ್ಮಬಂಧವು ಕೃತದಿಂದ ಮಾತ್ರವಲ್ಲ, ಕಾರಿತದಿಂದಲೂ ಅನುಮೋದನದಿಂದಲೂ ಆಗುವುದು. ಉಪವಾಸವಿದ್ದ ತಾಯಿಯಿಂದ ಪರ್ವದಿನ ಕರಿದ ತಿಂಡಿಯನ್ನು ಮಾಡಿಸುವವರು ಆರಂಭವನ್ನು ಮಾಡಿಸಿದವರಾಗುತ್ತಾರೆ. ತಾವೂ ವ್ರತಸ್ಥರೆಂದು ಎಣಿಸಿ ಮಂಟಪದಲ್ಲಿ ಕುಳಿತಿದ್ದರೂ ಆ ಪಾಲು ಅವರನ್ನು ಬಿಡದು.

ಪರಿಹಾರವು ಕಷ್ಟದ್ದಲ್ಲ. ಸಪ್ತಮಿಯ ದಿನವೇ ಕೆಲಸಗಳನ್ನು ಹಂಚಿಕೊಳ್ಳಬೇಕು. ನೀರನ್ನು ಗಾಳಿಸುವುದು ಮಗನಿಗೆ, ಗುಡಿಸುವುದು ಮಗಳಿಗೆ, ಮಕ್ಕಳಿಗೆ ಬೇಳೆಸಾರು, ಅನ್ನ ಮಾಡುವುದು ಪತಿಗೆ. ಹಿಂದಿನ ದಿನ ಬೇಯಿಸಿಟ್ಟು ಮಾರನೆಯ ದಿನ ಉಣ್ಣುವುದು ಮರ್ಯಾದೆಯನ್ನು ಮೀರಿದ ಆಹಾರವಾದುದರಿಂದ ಆ ಉಪಾಯವು ಸಲ್ಲದು. ಆದಕಾರಣ ಮನೆಯ ಗಂಡಸರೂ ಎರಡು ಸರಳವಾದ ಅಡುಗೆಗಳನ್ನು ಕಲಿತಿರುವುದು ಧರ್ಮಕಾರ್ಯವೇ ಸರಿ. ಉಪವಾಸ ಮಾಡಲಾಗದ ಅತ್ತೆಯವರು “ಈ ಹೊತ್ತು ಒಲೆಯ ಕಡೆ ಬರಬೇಡಮ್ಮಾ, ಸಾಮಾಯಿಕಕ್ಕೆ ಕುಳಿತುಕೋ, ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ” ಎಂದರೆ, ಆ ಒಂದು ಮಾತಿನಿಂದ ಸೊಸೆಯ ಉಪವಾಸದ ಪುಣ್ಯಾನುಮೋದನೆ ಅವರಿಗೂ ದೊರೆಯುತ್ತದೆ.

ಬಸದಿಯು ಹತ್ತಿರವಿಲ್ಲವೆಂಬ ಚಿಂತೆಯೂ ಬೇಡ. ಸಾಮಾಯಿಕವನ್ನು ಚೈತ್ಯಾಲಯದಲ್ಲಿ ಮಾತ್ರವಲ್ಲದೆ ವನದಲ್ಲಿಯೂ ಮನೆಯಲ್ಲಿಯೂ ಮಾಡಬಹುದೆಂದು ಶ್ರಾವಕಾಚಾರವು ಒಪ್ಪಿದೆ. ಸ್ಥಳವು ನಿರುಪದ್ರವವಾಗಿರಬೇಕು ಅಷ್ಟೆ. ಮನೆಯ ಒಂದು ಮೂಲೆಯನ್ನು ಒಂದು ಮುಹೂರ್ತದ ಕಾಲ, ಎಂದರೆ 48 ನಿಮಿಷ, ಆಕೆಗೆ ಬಿಟ್ಟುಕೊಟ್ಟರೆ ಸಾಕು.

ಓಡಾಟಕ್ಕೆ ಎಲ್ಲೆ

ಇನ್ನು ಪ್ರಯಾಣದ ವಿಷಯ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಒಂದೇ ರೈಲುಮಾರ್ಗದಲ್ಲಿವೆ. ಗೌರಿಬಿದನೂರು ಹಿಂದೂಪುರದ ಕಡೆಗೆ ಹೋಗುವ ಬೇರೊಂದು ಮಾರ್ಗದಲ್ಲಿರುವುದರಿಂದ ಅಲ್ಲಿಗೆ ಬಸ್ಸನ್ನೇ ನಂಬಬೇಕು. ಪರ್ವದ ನಡುವೆ ತವರಿನಲ್ಲಿ ಸೀಮಂತ, ನಾದಿನಿಯ ಮನೆಯಲ್ಲಿ ಪೂಜೆ ಎಂದು ಕರೆ ಬಂದರೆ ಉಪವಾಸದ ದಿನವೂ ಬಸ್ಸು ಹತ್ತುವುದುಂಟು.

ಇದಕ್ಕೆ ಶಾಸ್ತ್ರವು ದಿಗ್ವ್ರತ, ದೇಶಾವಕಾಶಿಕ ಎಂಬ ಎರಡು ಬೇಲಿಗಳನ್ನು ಹಾಕಿಕೊಟ್ಟಿದೆ. ಸಮುದ್ರ, ನದಿ, ಅಡವಿ, ಬೆಟ್ಟ, ದೇಶ, ಯೋಜನಗಳನ್ನು ಗುರುತಾಗಿಟ್ಟು ಜೀವಮಾನಕ್ಕೆ ದಿಕ್ಕುಗಳ ಎಲ್ಲೆಯನ್ನು ಮಾಡಿಕೊಳ್ಳುವುದು ದಿಗ್ವ್ರತ. ಆ ವಿಶಾಲವಾದ ಎಲ್ಲೆಯನ್ನು ಮನೆ, ಗ್ರಾಮ, ಹೊಲ, ನದಿ ಎಂದು ಕಿರಿದುಗೊಳಿಸಿ ವರ್ಷ, ಋತು, ತಿಂಗಳು, ಪಕ್ಷ ಎಂದು ಕಾಲವನ್ನೂ ಗೊತ್ತುಮಾಡಿಕೊಳ್ಳುವುದು ದೇಶಾವಕಾಶಿಕ. ಮೇಲಿನ ಉದಾಹರಣೆಯ ತಾಯಿಯು ಪರ್ವದ 10 ದಿನ ಪಶ್ಚಿಮಕ್ಕೆ ನಂದಿಬೆಟ್ಟ, ಪೂರ್ವಕ್ಕೆ ಚಿಂತಾಮಣಿ, ವಾಯವ್ಯಕ್ಕೆ ಗೌರಿಬಿದನೂರಿನ ಉತ್ತರ ಪಿನಾಕಿನಿ ಇವನ್ನು ದಾಟುವುದಿಲ್ಲವೆಂದು ನಿಯಮ ಮಾಡಿಕೊಳ್ಳಬಹುದು. ಅಷ್ಟಮಿ, ಚತುರ್ದಶಿಗಳಲ್ಲಿ ಅದನ್ನೇ ತನ್ನ ಮನೆ ಮತ್ತು ಬೀದಿಗೆ ಇಳಿಸಬಹುದು. ಎಲ್ಲೆಯ ಆಚೆಗೆ ಆಕೆಯಿಂದ ಸ್ಥೂಲ, ಸೂಕ್ಷ್ಮ ಪಾಪಗಳು ನಡೆಯುವುದಿಲ್ಲವಾದುದರಿಂದ ಅಷ್ಟರಮಟ್ಟಿಗೆ ಆಕೆಗೆ ಮಹಾವ್ರತದ ಸಾದೃಶ್ಯವೇ ಉಂಟಾಗುತ್ತದೆ. “ವ್ರತದಲ್ಲಿದ್ದೇನೆ, ಪಾಡ್ಯ ಕಳೆದ ಮೇಲೆ ಬರುತ್ತೇನೆ” ಎಂದು ತವರಿಗೆ ಹೇಳಿ ಕಳುಹಿಸಲು ಇದು ಒಳ್ಳೆಯ ಆಧಾರವೂ ಹೌದು.

ದೇಶಾವಕಾಶಿಕದ ಅತಿಚಾರಗಳನ್ನು ಇಂದಿನವರು ಎಚ್ಚರದಿಂದ ಓದಬೇಕು. ಎಲ್ಲೆಯ ಆಚೆಗೆ ಆಳನ್ನು ಕಳುಹಿಸುವುದು, ಶಬ್ದಮಾಡಿ ತಿಳಿಸುವುದು, ಅಲ್ಲಿಂದ ವಸ್ತುಗಳನ್ನು ತರಿಸುವುದು, ತನ್ನ ರೂಪವನ್ನು ತೋರಿಸಿ ಸನ್ನೆಮಾಡುವುದು, ಕಲ್ಲು ಮುಂತಾದುವನ್ನು ಎಸೆದು ಸೂಚಿಸುವುದು ಇವೇ ಆ ಐದು. ಕೈಯಲ್ಲಿ ಮೊಬೈಲ್ ಫೋನನ್ನು ಹಿಡಿದು, ಮುಖ ತೋರಿಸಿ ಮಾತನಾಡುತ್ತ, ಬೇರೆ ಊರಿನ ಅಂಗಡಿಯಿಂದ ಸಾಮಾನು ತರಿಸುವವರು ಕುಳಿತಲ್ಲಿಯೇ ಇವುಗಳಲ್ಲಿ ಮೂರನ್ನು ಮಾಡಿ ಮುಗಿಸುತ್ತಾರೆ. ಉಪವಾಸದ ದಿನ ಆ ಯಂತ್ರಕ್ಕೂ ಒಂದು ಎಲ್ಲೆ ಇರಲಿ.

ಪರ್ವ ಮುಗಿದ ಮೇಲೆ ಬರುವುದು ಕ್ಷಮಾವಾಣಿ. ನಿಜವಾಗಿ ಪ್ರಯಾಣ ಮಾಡತಕ್ಕ ಕಾಲ ಅದು. ನಾದಿನಿಯೊಡನೆ ಆಸ್ತಿಯ ಮಾತಿಗೋ ಮದುವೆಯ ಉಡುಗೊರೆಗೋ ಮನಸ್ಸು ಮುರಿದಿದ್ದರೆ, ಗೌರಿಬಿದನೂರಿನ ಬಸ್ಸನ್ನು ಅಂದು ಹತ್ತಬೇಕು. ಅಚ್ಚುಮಾಡಿಸಿದ ಕಾಗದವನ್ನು ಕಳುಹಿಸುವುದಕ್ಕಿಂತ ಬಾಗಿಲಿಗೆ ಹೋಗಿ ಕ್ಷಮೆ ಕೇಳುವುದು ಮೇಲು.

ರಜೆಯ ದಿನಗಳು

ಆಶ್ವೀಜ ಮಾಸದಲ್ಲಿ ಮಕ್ಕಳಿಗೆ ದಸರೆಯ ರಜೆ. ಶುಕ್ಲ ಅಷ್ಟಮಿಯು ಜೀವದಯಾಷ್ಟಮಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದ ಕಥೆಯನ್ನು ಅಂದು ಓದುವರು. ಜನ್ನನ ಯಶೋಧರ ಚರಿತೆಯಿಂದ ಅದು ಕನ್ನಡಿಗರಿಗೆಲ್ಲ ಪರಿಚಿತವಾಗಿದೆ. ಈ ಕಥೆಯನ್ನು ಕೇಳಲು ಉಡುವ ಸೀರೆ ಯಾವುದು? ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಹುಳು ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುವುದೆಂದು, ಅದು ಗೂಡಿನೊಳಗಿರುವಾಗಲೇ ಬಿಸಿಯಲ್ಲಿ ಅದನ್ನು ಕೊಂದು ನೂಲು ತೆಗೆಯುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅದರಿಂದ ಜೀವಿಸುವವರನ್ನು ನಿಂದಿಸುವುದು ಶ್ರಾವಕರಿಗೆ ಸಲ್ಲದು. ತನ್ನ ಭೋಗೋಪಭೋಗಕ್ಕೆ ತಾನು ಪರಿಮಾಣ ಮಾಡಿಕೊಳ್ಳುವುದು ಸಲ್ಲುತ್ತದೆ. ಒಗೆದ ಬಿಳಿಯ ಹತ್ತಿಯ ಸೀರೆಯೂ ಮಡಿಯೇ.

ರಜೆಯ ಇನ್ನೊಂದು ಸಂಭ್ರಮ ಯಾತ್ರೆ. ಶ್ರವಣಬೆಳಗೊಳಕ್ಕೆ ಹೋಗುವವರು ನಸುಕಿನಲ್ಲೇ ಹೊರಟು, ಗಾಳಿಸಿ ಕಾಯಿಸಿದ ನೀರನ್ನು ಒಯ್ಯಬೇಕು. ಗಾಳಿಸಿದ ನೀರಿನ ಮರ್ಯಾದೆ ಒಂದು ಮುಹೂರ್ತ. ಚೆನ್ನಾಗಿ ಕುದಿಸಿದ ನೀರಿನದು 24 ಗಂಟೆ. ದೀಪಾವಳಿಯ ಹೊತ್ತಿಗೆ ಸುಮಾರು 6 ಗಂಟೆಗೇ ಸೂರ್ಯ ಮುಳುಗುವುದರಿಂದ, ಊಟದ ವೇಳೆಯನ್ನು ಮೊದಲು ಗೊತ್ತುಮಾಡಿ ಬಸ್ಸಿನ ವೇಳೆಯನ್ನು ಆಮೇಲೆ ನೋಡಬೇಕು. ದೂರ ಹೋಗಲಾಗದವರಿಗೆ ಹತ್ತಿರದಲ್ಲಿಯೇ ನಂದಿ ಇದೆ. ಅಲ್ಲಿಯ ಗೋಪಿನಾಥ ಬೆಟ್ಟದ ಗಂಗರ ಕಾಲದ ಶಾಸನವು ಅರ್ಹಂತರ ಚೈತ್ಯಾಲಯವೊಂದನ್ನು ಹೆಸರಿಸಿ, ಅದನ್ನು ಶ್ರೀರಾಮನು ಕಟ್ಟಿಸಿದನೆಂದೂ ಪಾಂಡವರ ತಾಯಿ ಕುಂತಿಯು ನವೀಕರಿಸಿದಳೆಂದೂ ಹೇಳುತ್ತದೆ. ಐದು ಮಕ್ಕಳನ್ನು ವನವನಗಳಲ್ಲಿ ಸಲಹಿದ ತಾಯಿಯ ಹೆಸರು ಹೀಗೆ ಚೈತ್ಯಾಲಯದೊಡನೆ ಸೇರಿರುವುದು ಗಮನಾರ್ಹ.

ಶಕ್ತಿಗೆ ತಕ್ಕ ತಪ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗನುಸಾರವಾಗಿ ಮಾಡಬೇಕೆಂದು ಹೇಳಿದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ರೋಗಿಗಳು ಏಕಭುಕ್ತ ಅಥವಾ ರಸತ್ಯಾಗದಿಂದಲೇ ಪರ್ವವನ್ನು ಆದರದಿಂದ ಆಚರಿಸಬಹುದು. ನೆರೆಯವಳು ಹತ್ತು ದಿನ ಉಪವಾಸ ಮಾಡಿದಳೆಂಬ ಸ್ಪರ್ಧೆಯಿಂದ ಮಾಡುವ ಉಪವಾಸದಲ್ಲಿ ಮಾನಕಷಾಯವು ಬೆಳೆಯುತ್ತದೆ. ಹಾಗೆಯೇ, ತಾಯಿಯ ಉಪವಾಸವನ್ನು ಹೊಗಳುತ್ತ ಆಕೆಯ ಕೈಯ ಸೌಟನ್ನು ಬಿಡಿಸದ ಮನೆಯಲ್ಲಿ ಹೊಗಳಿಕೆಗೆ ಬೆಲೆಯಿಲ್ಲ. ಬರುವ ಅಷ್ಟಮಿಯಂದೇ ಆ ಸೌಟನ್ನು ಬೇರೊಬ್ಬರು ಹಿಡಿಯಲಿ. ತಾಯಿಯ ಕೈಗೆ ಜಪಮಾಲೆ ಬರಲಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಉಪವಾಸಕ್ಕೂ ಲಂಘನಕ್ಕೂ ಇರುವ ಭೇದವೇನು?
2. ಪ್ರೋಷಧೋಪವಾಸದ ಐದು ಅತಿಚಾರಗಳು ಯಾವುವು? ಮನೆಯವರ ಸಹಾಯದಿಂದ ಅವುಗಳನ್ನು ತಪ್ಪಿಸುವುದು ಹೇಗೆ?
3. ನಿಮ್ಮ ಊರಿನ ಬೆಟ್ಟ, ನದಿ, ಬೀದಿಗಳನ್ನು ಗುರುತಾಗಿಟ್ಟು 10 ದಿನಗಳ ದೇಶಾವಕಾಶಿಕ ನಿಯಮವನ್ನು ಬರೆಯಿರಿ.
4. ಮುಂದಿನ ಅಷ್ಟಮಿಗೆ ನಿಮ್ಮ ಮನೆಯ ಕೆಲಸಗಳನ್ನು ಯಾರು ಯಾರು ಹಂಚಿಕೊಳ್ಳುವಿರಿ?